ಎರೆಯುವ ಕನಕಮ್ಮನ ಬಾಯ್ಲರು

ರಾಯಚೂರಿನಲ್ಲಿ ಬಾಯ್ಲರ್ ಇಟ್ಟುಕೊಂಡವರನ್ನು ಕಂಡರೆ ಜನ ನಗುತ್ತಿದ್ದರು. ನಗದೆ ಏನು ಮಾಡಿಯಾರು? ಯುಗಾದಿ ಕಳೆಯಿತೆಂದರೆ ನಮ್ಮ ಊರಲ್ಲಿ ನಳದ ನೀರೇ ಕೈ ಸುಡುತ್ತದೆ. ಬೆಳಿಗ್ಗೆ ಅಂಗಳದಲ್ಲಿ ಕೊಡ ತುಂಬಿಟ್ಟರೆ ಮಧ್ಯಾಹ್ನ ಅದಕ್ಕೆ ಚಹಾಪುಡಿ ಹಾಕಿದರೆ ಸಾಕು ಎಂದು ನನ್ನ ಗಂಡ ಬೇರೆ ಊರಿನವರ ಮುಂದೆ ಜಂಬ ಕೊಚ್ಚುತ್ತಿದ್ದರು. ಅಂಥ ಊರಲ್ಲಿ, ಅದೂ ತಗಡು ಹೊದಿಸಿದ ಒಂದು ಖೋಲಿಯ ಮನೆಯಲ್ಲಿ, ಎರೆಯುವ ಕನಕಮ್ಮ ಒಂದು ತಾಮ್ರದ ಬಾಯ್ಲರ್ ಇಟ್ಟುಕೊಂಡಿದ್ದಳು. ನನ್ನ ಎದೆಮಟ್ಟ ಇತ್ತು. ನಡುವೆ ಬೆಂಕಿ ಹಾಕುವ ಕೊಳವೆ, ಅದರ ಸುತ್ತ ನೀರು ತುಂಬುವ ಹೊಟ್ಟೆ, ಮುಂದುಗಡೆ ಹಿತ್ತಾಳೆಯ ನಳ. ಹಳಬರು ಅದನ್ನು ಹಮಾಮು ಎನ್ನುತ್ತಿದ್ದರು, ನಾವು ಬಾಯ್ಲರ್ ಎನ್ನುತ್ತಿದ್ದೆವು. ಕನಕಮ್ಮ ಮಾತ್ರ ಅದನ್ನು 'ನಮ್ಮ ಗೋಪಿ ಬಾಯ್ಲರ್' ಎಂದೇ ಕರೆಯುತ್ತಿದ್ದಳು. ಗೋಪಿ ಎಂದರೆ ಗೋಪಮ್ಮ, ಆಕೆಯ ಒಬ್ಬಳೇ ಮಗಳು.

ನಾನು ಗಿಲ್ಲೆಸುಗೂರಿನಿಂದ ಮದುವೆಯಾಗಿ ಆ ಓಣಿಗೆ ಹೊಸದಾಗಿ ಬಂದಾಗ ಕೇಳಿಯೇ ಬಿಟ್ಟಿದ್ದೆ.

"ಈ ಬಿಸಲೂರಾಗ ಬಾಯ್ಲರ್ ಯಾಕ ದೊಡ್ಡವ್ವ?"

"ಬಿಸಲು ಬಂದು ಬಾಣಂತಿ ಬೆನ್ನಿಗೆ ಎರೀತದೇನು?" ಎಂದು ಆಕೆ ನನ್ನನ್ನೇ ಕೇಳಿದಳು. ನನ್ನ ಬಾಯಿ ಓಣಿಗೇ ದೊಡ್ಡದು. ಆದರೂ ಆ ದಿನ ಕೊಡ ಎತ್ತಿಕೊಂಡು ಮನೆ ಸೇರಿದೆ.

ಬಾಣಂತಿಯರಿಗೂ ಕೂಸುಗಳಿಗೂ ನೀರೆರೆಯುವುದು ಕನಕಮ್ಮನ ಕೆಲಸ. ನಸುಕಿನಲ್ಲಿ ಎದ್ದು ಸೆರಗು ಬಿಗಿದು ಹೊರಟರೆ ಬಿಸಿಲೇರುವ ತನಕ ಮನೆ ಮನೆ ಬಚ್ಚಲಲ್ಲೇ ಆಕೆಯ ಸಂಸಾರ. ಕೂಸನ್ನು ಚಾಚಿದ ಕಾಲುಗಳ ಮೇಲೆ ಬೋರಲು ಹಾಕಿಕೊಂಡು ಎಣ್ಣೆ ತಿಕ್ಕುವಾಗ ಅದು ಓಣಿ ಕಿತ್ತುಹೋಗುವಂತೆ ಕಿರುಚಿದರೂ ಆಕೆ ಅದರ ಜೊತೆ ಸಂತೆಯ ಸುದ್ದಿ ಮಾತಾಡುತ್ತಿದ್ದಳು. "ಅಳು, ಅಳು, ಎದಿ ಗಟ್ಟಿಯಾಗ್ತದ. ಮುಂದ ಸಂಸಾರದಾಗ ಅಳಾಕ ಪುರಸೊತ್ತು ಸಿಗಾಂಗಿಲ್ಲ," ಎನ್ನುತ್ತಿದ್ದಳು. ಬಾಣಂತಿಯ ಸರದಿ ಬಂತೆಂದರೆ ಕರುಣೆ ಇನ್ನೂ ಕಡಿಮೆ. ನನ್ನ ಎರಡನೆಯ ಹೆರಿಗೆ ಇಲ್ಲಿಯೇ ಆಯಿತು, ಎರೆದವಳು ಆಕೆಯೇ. ಮೊದಲ ತಂಬಿಗೆ ಬೆನ್ನ ಮೇಲೆ ಬಿದ್ದಾಗ ನಾನು "ಅಯ್ಯಯ್ಯೋ ಸತ್ತೆ" ಎಂದು ಕೂಗಿದೆ.

"ಸತ್ತವರು ಮಾತಾಡಂಗಿಲ್ಲ. ಸುಮ್ಕ ಕುಂದ್ರಬೇ," ಎಂದು ಎರಡನೆಯದನ್ನೂ ಸುರಿದಳು. ಆದರೆ ಆ ನೀರು ಹೆಗಲಿನಿಂದ ಸೊಂಟಕ್ಕೆ ಇಳಿಯುವಾಗ ಮೈಯ ಒಂದೊಂದೇ ಗಂಟು ಬಿಚ್ಚಿಕೊಳ್ಳುತ್ತಿತ್ತು. ಲೋಬಾನದ ಹೊಗೆ ಕೊಟ್ಟು, ತಲೆಗೆ ಬಟ್ಟೆ ಕಟ್ಟಿ, ಹೊರಸಿನ ಮೇಲೆ ಮಲಗಿಸಿ ಹೋದಳೆಂದರೆ ನಾನೂ ಕೂಸೂ ಮಧ್ಯಾಹ್ನದ ತನಕ ಎಚ್ಚರವಿಲ್ಲದೆ ನಿದ್ದೆ ಹೊಡೆಯುತ್ತಿದ್ದೆವು. ನನ್ನ ಹೆತ್ತ ತಾಯಿಯ ಮೇಲೆ ನನಗೆ ಪ್ರೀತಿ ಇಲ್ಲವೆಂದಲ್ಲ, ಆದರೆ ಆಕೆಯ ಕೈಯಲ್ಲಿ ಆ ಸುಖ ಇರಲಿಲ್ಲ. ಇದನ್ನು ನಾನು ತವರಿನಲ್ಲಿ ಹೇಳಿ ಬೈಸಿಕೊಂಡೂ ಇದ್ದೇನೆ.

ಊರವರ ಬೆನ್ನನ್ನೆಲ್ಲ ನೆಟ್ಟಗೆ ಮಾಡಿದ ಕನಕಮ್ಮನ ಬೆನ್ನು ಮಾತ್ರ ನೆಟ್ಟಗಿರಲಿಲ್ಲ. ನಾಲ್ಕು ಹೆಜ್ಜೆ ನಡೆದರೆ ಸೊಂಟದ ಮೇಲೆ ಕೈ ಇಟ್ಟು ನಿಲ್ಲುತ್ತಿದ್ದಳು. ಯಾಕೆಂದು ಕೇಳಿದರೆ ಒಂದೇ ಮಾತು: "ನನ್ನ ಬಾಣಂತನದಾಗ ಬೆನ್ನಿಗೆ ಬಿಸಿನೀರು ಬೀಳಲಿಲ್ಲ ನೋಡು."

ಆಕೆ ಹುಟ್ಟಿದ್ದು ಮಾನ್ವಿಯಲ್ಲಿ. ಆಕೆಯ ತಾಯಿಯೂ ಎರೆಯುವವಳೇ. ಆ ತಾಯಿ ಮಗಳ ಮದುವೆಯಾದ ವರ್ಷವೇ ತೀರಿಕೊಂಡಳು. ಕೊಟ್ಟದ್ದು ದೇವದುರ್ಗಕ್ಕೆ, ಬಾವಿ ತೋಡುವ ಗಡಿಗೆಪ್ಪನಿಗೆ. ಗೋಪಿ ಹೊಟ್ಟೆಯಲ್ಲಿದ್ದಾಗಲೇ ಬಾವಿಯ ಮಣ್ಣು ಕುಸಿದು ಗಡಿಗೆಪ್ಪ ಹೋದ. ಹೆರಿಗೆಯಾದಾಗ ಮನೆಯಲ್ಲಿದ್ದವಳು ಕಣ್ಣು ಕಾಣದ ಅತ್ತೆ ಒಬ್ಬಳೇ. ಕನಕಮ್ಮ ಬಂಡೆಯ ಮೇಲೆ ಗಡಿಗೆಯಲ್ಲಿ ನೀರಿಟ್ಟು, ಬಿಸಿಲಿಗೆ ಅದು ಉಗುರುಬೆಚ್ಚಗಾದ ಮೇಲೆ ತನಗೆ ತಾನೇ ಎರೆದುಕೊಂಡಳು. ಎದೆಗೆ ಬಿತ್ತು, ಹೊಟ್ಟೆಗೆ ಬಿತ್ತು, ತನ್ನ ಬೆನ್ನಿಗೆ ತಾನೇ ಎಷ್ಟೆಂದು ಎರೆದುಕೊಂಡಾಳು? ಅತ್ತೆ ತೀರಿಕೊಂಡ ಮೇಲೆ ಕೂಸನ್ನು ಕಟ್ಟಿಕೊಂಡು ರಾಯಚೂರಿಗೆ ಬಂದು ಮುಸುರೆ ತಿಕ್ಕಲು ನಿಂತಳು. ಒಂದು ಮನೆಯಲ್ಲಿ ಎರೆಯುವವಳು ಬಾರದೆ ಕೂಸು ಅಳುತ್ತಿದ್ದಾಗ ಕೈ ತೊಳೆದುಕೊಂಡು ಕಾಲು ಚಾಚಿ ಕುಳಿತವಳು, ಮತ್ತೆ ಮುಸುರೆಗೆ ಹೋಗಲಿಲ್ಲ.

ಇಷ್ಟನ್ನೂ ಆಕೆ ನನಗೆ ಹೇಳಿದ್ದು ಬೆಳ್ಳುಳ್ಳಿ ಬಿಡಿಸುತ್ತ, ಬೇರೆ ಯಾರದೋ ಸುದ್ದಿಯಂತೆ. ಕೊನೆಗೆ ಹೇಳಿದ ಒಂದು ಮಾತಿಗೆ ಮಾತ್ರ ದನಿ ಬದಲಾಯಿತು: "ನನ್ನ ಗೋಪಿ ಬಾಣಂತನ ನನ್ನ ಮನ್ಯಾಗ ಆಗ್ಬೇಕು. ಕೊಡಗಟ್ಟಲೆ ಬಿಸಿನೀರು. ನನ್ನ ಕೈಲೆ." ಜಗತ್ತಿನಲ್ಲಿ ಆಕೆಗೆ ಬೇಕಾದದ್ದು ಅಷ್ಟೇ ಇತ್ತು.

ಬಾಯ್ಲರ್ ಬಂದದ್ದೂ ಅದಕ್ಕೇ. ಎಪ್ಪತ್ಮೂರನೆಯ ಇಸವಿಯ ಸುಮಾರಿಗೆ ಸಿರವಾರದ ಭತ್ತದ ವ್ಯಾಪಾರಿಯೊಬ್ಬರ ಮನೆಯಲ್ಲಿ ಇದ್ದುಕೊಂಡೇ ಅವರ ಮಗಳಿಗೆ ಎರೆದಳು. ಎರೆಯುವವಳಿಗೆ ದಿನದ ಕೂಲಿ ಕೊಡುವ ಪದ್ಧತಿ ಆಗ ಇರಲಿಲ್ಲ. ಬಾಣಂತನ ಮುಗಿದ ದಿನ ಸೀರೆ ಉಡಿಸಿ, ಉಡಿ ತುಂಬಿ, ಕಾಳುಕಡ್ಡಿ ಕೊಟ್ಟು ಕಳಿಸುತ್ತಿದ್ದರು. ವ್ಯಾಪಾರಿಯ ಹೆಂಡತಿ ಮೂರು ಸೀರೆ ಮುಂದಿಟ್ಟು ಬೇಕಾದದ್ದನ್ನು ಆರಿಸಿಕೋ ಎಂದಳಂತೆ. ಕನಕಮ್ಮ ಸೀರೆ ನೋಡದೆ ಕರುವಿನ ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿದ್ದ ಹಳೆ ಬಾಯ್ಲರಿಗೆ ಕೈ ತೋರಿಸಿದಳು. ಅವರು ನಕ್ಕು ಕೊಟ್ಟರು. ಬಸ್ಸಿನ ಮೇಲೆ ಹಾಕಿದರೆ ನೆಗ್ಗುತ್ತದೆಂದು ಆಕೆ ಅದನ್ನು ಒಳಗೇ ತಂದು ಸೀಟಿನ ಮೇಲೆ ಕೂಡಿಸಿದಳು. ಕಂಡಕ್ಟರು ಸಿಟ್ಟಾದ.

"ಸೀಟು ಹಿಡದದ. ಇದಕ್ಕೂ ಟಿಕೀಟ್ ತಗೋಬೇಕಮ್ಮ."

"ಅರ್ಧ ಕೊಡಪ್ಪ. ಇನ್ನೂ ಸಣ್ಣದದ," ಎಂದಳಂತೆ ಕನಕಮ್ಮ. ಬಸ್ಸಿಗೆ ಬಸ್ಸೇ ನಕ್ಕಿತು, ಅರ್ಧ ಟಿಕೀಟು ತೆಗೆದುಕೊಂಡೇ ಬಾಯ್ಲರು ರಾಯಚೂರು ಸೇರಿತು.

ಆಮೇಲೆ ಅದನ್ನು ಉರಿಸಿದ್ದು ಹಬ್ಬಕ್ಕೊಮ್ಮೆ ಮಾತ್ರ. ದೀಪಾವಳಿಯ ನಸುಕಿನಲ್ಲಿ ಓಣಿಯ ಮಕ್ಕಳಿಗೆಲ್ಲ ಅದರ ನೀರಿನಿಂದ ಎರೆಯುತ್ತಿದ್ದಳು. ತಾನು ಮಾತ್ರ ಹೊರಗಿನ ತೊಟ್ಟಿಯ ತಣ್ಣೀರನ್ನೇ ಹುಯ್ದುಕೊಳ್ಳುತ್ತಿದ್ದಳು. "ನೀನೂ ಒಂದು ತಂಬಗಿ ಹಾಕ್ಕೋ ದೊಡ್ಡವ್ವ" ಎಂದರೆ "ನನ್ನ ಪಾಳಿ ಮುಗದು ಹೋಗ್ಯದ ಬಿಡು" ಎನ್ನುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಹಟಕ್ಕೂ ಒಂದು ಮಿತಿ ಬೇಡವೇ?

ಎಂಬತ್ತೆರಡರ ಚಳಿಗಾಲಕ್ಕೆ ಆಕೆಯ ಕಾಲ ಬಂತು. ಮಾನ್ವಿಗೆ ಕೊಟ್ಟಿದ್ದ ಗೋಪಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಅಳಿಯ ಶಕ್ತಿನಗರದ ಕಟ್ಟಡದ ಕೆಲಸದಲ್ಲಿದ್ದ. ಒಂದು ಬೆಳಿಗ್ಗೆ ನೋವು ಶುರುವಾಗಿ ಸೈಕಲ್ ರಿಕ್ಷಾದಲ್ಲಿ ದವಾಖಾನೆಗೆ ಕರೆದೊಯ್ದೆವು. ಹೆಣ್ಣು ಕೂಸು, ತಾಯಿ ಮಗು ಇಬ್ಬರೂ ಕ್ಷೇಮ. ಐದನೆಯ ದಿನ ಮನೆಗೆ ಕಳಿಸುತ್ತೇವೆ ಎಂದರು. ಕನಕಮ್ಮ ಮೊಮ್ಮಗಳ ಮುಖ ನೋಡಿದವಳೇ ಬಾಯ್ಲರ್ ಸಜ್ಜು ಮಾಡಬೇಕೆಂದು ಮನೆಗೆ ಓಡಿದಳು, ಸೊಂಟದ ಮೇಲೆ ಕೈಯನ್ನೂ ಇಡದೆ.

ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ತಾಮ್ರ ಥಳಥಳ ಹೊಳೆಯಿತು. ಅರಿಷಿಣ ಕುಂಕುಮ ಇಟ್ಟಳು. ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆಕೆಗೆ ಮಾನ್ವಿಯ ತಾಯಿ ನೆನಪಾದಳು. ಬಾಣಂತಿಯ ಹಂಡೆಗೆ ನೀರು ತುಂಬುವ ಮೊದಲು, ಖಾಲಿ ಹಂಡೆಯನ್ನೇ ಒಲೆಯ ಮೇಲಿಟ್ಟು, ಬೇವಿನ ಎಲೆ, ಉಪ್ಪು, ಮೆಣಸಿನಕಾಯಿ ಸುಟ್ಟು ಹೊಗೆ ಹಿಡಿಸಿ ದೃಷ್ಟಿ ತೆಗೆಯುವುದು ಆ ತಾಯಿಯ ರೂಢಿ. ಬೇರೆಯವರ ಮನೆಯಲ್ಲಿ ಒಲೆ ಹಚ್ಚುವುದು ಮನೆಯವರ ಕೆಲಸ, ಕನಕಮ್ಮ ಹೋಗುವ ಹೊತ್ತಿಗೆ ನೀರು ಕಾದಿರುತ್ತಿತ್ತು. ಹಾಗಾಗಿ ಈ ಶಾಸ್ತ್ರ ಮಾಡುವ ಅವಕಾಶವೇ ಆಕೆಗೆ ಎಂದೂ ಬಂದಿರಲಿಲ್ಲ. ಇದು ಆಕೆಯ ಸ್ವಂತ ಮಗಳ ಬಾಣಂತನ. ಬಿಡುತ್ತಾಳೆಯೇ? ಖಾಲಿ ಬಾಯ್ಲರಿನ ಕೊಳವೆಗೆ ಕೆಂಡ ಸುರಿದು, ಬೇವಿನ ಸೊಪ್ಪು ತುರುಕಿ, ಮೇಲೆ ಹತ್ತಿಕಟಗಿ ಒಡ್ಡಿ, ಕೈ ಮುಗಿದು ನಿಂತಳು.

ಹಂಡೆ ಒಂದೇ ತಗಡನ್ನು ಬಡಿದು ಮಾಡಿದ್ದು, ಅದಕ್ಕೆ ಏನೂ ಆಗುವುದಿಲ್ಲ. ಬಾಯ್ಲರು ತುಂಡು ತುಂಡು ಬೆಸೆದು ಮಾಡಿದ್ದು. ನೀರಿಲ್ಲದೆ ಕಾದರೆ ಬೆಸುಗೆ ಬೆಣ್ಣೆಯಂತೆ ಕರಗುತ್ತದೆ. ಆಮೇಲೆ ಆಕೆ ಕೊಡದಿಂದ ನೀರು ಸುರಿದ ಸದ್ದು ನಮ್ಮ ಮನೆಗೆ ಕೇಳಿಸಿತು. ಚೊಂಯ್ ಎಂದಿತು, ಹಿಂದೆಯೇ ಕನಕಮ್ಮ ಕಿರುಚಿದಳು. ನಾನು ಓಡಿ ಹೋಗಿ ನೋಡಿದರೆ ಬಚ್ಚಲ ತುಂಬ ಬೂದಿಯ ನೀರು. ಸುರಿದದ್ದೆಲ್ಲ ಕೊಳವೆಯ ಬುಡದಿಂದ ಹಾಗೆಯೇ ಹೊರಗೆ ಹರಿದಿತ್ತು. ದೃಷ್ಟಿ ತೆಗೆಯಲು ಹೋಗಿ ತಳವನ್ನೇ ತೆಗೆದಿದ್ದಳು. ಬೈಯಬೇಕೆಂದು ಬಾಯಿ ತೆರೆದೆ. ಆಕೆ ಒದ್ದೆ ನೆಲದಲ್ಲಿ ಕುಳಿತು ಬಾಯ್ಲರಿನ ಮೈ ಸವರುತ್ತಿದ್ದಳು. ಪಕ್ಕದಲ್ಲಿ ಕುಳಿತು ಹೇಳಿದೆ.

"ಅದಕ್ಕೇನಾತು ದೊಡ್ಡವ್ವ, ನಮ್ಮ ಮನಿ ಹಂಡೆ ತರ್ತೀನಿ."

"ಬಾಣಂತಿ ಹಂಡೆ ಕಡ ತರಬಾರದು. ನಿನಗ ನಾನ ಹೇಳೀನಿ, ಮರತೇನು?"

ಹೌದು, ಆಕೆಯೇ ಹೇಳಿದ್ದಳು. ನನಗಷ್ಟೇ ಅಲ್ಲ, ಎರೆಯಲು ಹೋದ ಮನೆಗಳಿಗೆಲ್ಲ. ಬಾಣಂತಿಯ ನೀರು ಕಾಯುವ ಪಾತ್ರೆ ಬೇರೆ ಮನೆಯಿಂದ ಬರಬಾರದು, ಬೇರೆ ಮನೆಗೆ ಹೋಗಬಾರದು. ಊರಿಗೆಲ್ಲ ಹಾಕಿದ ಕಟ್ಟು ಈಗ ತನ್ನ ಕಾಲಿಗೇ ತೊಡರಿತ್ತು.

ಅದೇ ಸಂಜೆ ಬೀಗತಿ ಮಾರೆಮ್ಮ ಮಾನ್ವಿಯಿಂದ ಮೊಮ್ಮಗಳನ್ನು ನೋಡಲು ಬಂದಳು. ಗೋಪಿಯ ಅತ್ತೆ ಕೆಟ್ಟವಳಲ್ಲ, ಆದರೆ ನಾಲಿಗೆಗೂ ಮನಸ್ಸಿಗೂ ನಡುವೆ ಬಾಗಿಲಿಲ್ಲದ ಹೆಂಗಸು. ಬಚ್ಚಲನ್ನು ನೋಡಿದಳು, ಬೂದಿಯನ್ನು ನೋಡಿದಳು.

"ಬೀಗತಿ, ಸಿಟ್ಟಾಗಬ್ಯಾಡ. ಚಳಿ ದಿನ. ಗಡಿಗ್ಯಾಗ ಕಾಸಿದ ನೀರು ಕೂಸಿಗೆ ಸಾಕು, ಬಾಣಂತಿಗೆ ಸಾಲೋದಿಲ್ಲ. ನಮ್ಮ ಮನ್ಯಾಗ ದೊಡ್ಡ ಹಂಡೆ ಅದ. ದವಾಖಾನಿಯಿಂದ ಸೀದಾ ಮಾನ್ವಿಗೆ ಕರಕೊಂಡು ಹೋಗ್ತೀನಿ."

ಕನಕಮ್ಮ ಬೀಗತಿಯ ಎರಡೂ ಕೈ ಹಿಡಿದುಕೊಂಡಳು. "ದವಾಖಾನಿಯವರು ಬಿಡೋದ್ರಾಗ ಬಾಯ್ಲರ್ ಸರಿ ಮಾಡಿಸ್ತೀನಿ. ಆಗಲಿಲ್ಲಂದ್ರ ಕರಕೊಂಡು ಹೋಗ್ರಿ, ನಾ ಒಂದು ಮಾತೂ ಆಡಾಂಗಿಲ್ಲ."

ಮಾರೆಮ್ಮ ಒಪ್ಪಿದಳು. ಮರುದಿನ ಬಾಯ್ಲರನ್ನು ಕೈಗಾಡಿಯಲ್ಲಿ ಹಾಕಿಕೊಂಡು ತೀನ್ ಕಂದೀಲ್ ಚೌಕದ ಹಿಂದಿನ ಗಲ್ಲಿಗೆ ನಾವಿಬ್ಬರೂ ನಡೆದೆವು.

ಅಲ್ಲಿ ಗುಲಾಮ್ ದಸ್ತಗೀರನ ಅಂಗಡಿ. ಕಲಾಯಿ ಹಾಕುವುದು, ಹಂಡೆ ಬಾಯ್ಲರ್ ಬೆಸೆಯುವುದು ಅವನ ತಂದೆಯ ಕಾಲದಿಂದ ಬಂದ ಕಸುಬು. ಮೂಗಿನ ತುದಿಯಲ್ಲೇ ಸಿಟ್ಟು, ಗಿರಾಕಿ ಬಂದರೆ ಮೊದಲು ಬೈದು ಆಮೇಲೆ ಮಾತು. ಅವನು ಬಾಯ್ಲರನ್ನು ತಲೆಕೆಳಗೆ ಮಾಡಿ ಒಳಗೆ ಕಣ್ಣಿಟ್ಟು ನೋಡಿದ.

"ಖಾಲಿ ಇದ್ದಾಗ ಹಚ್ಚಿದ ಅಕಲವಂತರು ಯಾರು?"

"ನಾನ ಅಣ್ಣಾ," ಎಂದಳು ಕನಕಮ್ಮ.

"ಕೊಳವಿ ಪೂರಾ ಬಿಚ್ಚಬೇಕು ಅಕ್ಕಾ. ಸುತ್ತ ಹೊಸಾದಾಗಿ ಬೆಸೀಬೇಕು, ಒಳಗ ಕಲಾಯಿ ಆಗ್ಬೇಕು. ತಿದಿ ಊದವ ಲಗ್ನಕ್ಕಂತ ಗದ್ವಾಲಕ್ಕ ಹೋಗ್ಯಾನ. ಇಟ್ಟು ಹೋಗು, ಮುಂದಿನ ವಾರ ನೋಡೋಣ."

ಕನಕಮ್ಮ ಹೋಗಲಿಲ್ಲ. ಸೀರೆ ಎತ್ತಿ ಕಟ್ಟಿ ತಿದಿಯ ಮುಂದೆ ಕುಳಿತುಬಿಟ್ಟಳು. "ಎಷ್ಟು ಊದಬೇಕು ಹೇಳಣ್ಣ. ಮಂದಿ ಮಕ್ಕಳನ್ನ ತಿಕ್ಕಿದ ಕೈ ಇವು, ಸೋಲಂಗಿಲ್ಲ."

ದಸ್ತಗೀರ ಬೈದ. ಹೆಂಗಸರು ತಿದಿಯ ಮುಂದೆ ಕುಳಿತರೆ ಬಜಾರದ ಜನ ಏನೆಂದಾರು ಎಂದ. ಬಜಾರದ ಜನ ನನ್ನ ಮಗಳಿಗೆ ಎರೆಯಲು ಬರುತ್ತಾರೇನು ಎಂದು ಈಕೆ ಕೇಳಿದಳು. ಅವನು ತಲೆ ಚಚ್ಚಿಕೊಂಡು ಭಟ್ಟಿ ಹಚ್ಚಿದ. ಆ ದಿನವೂ ಮರುದಿನವೂ ಇಬ್ಬರೂ ಒಬ್ಬರನ್ನೊಬ್ಬರು ಬೈಯುತ್ತಲೇ ದುಡಿದರು. "ಜಲ್ದಿ ಊದು" ಎಂದು ಅವನು, "ಮೊದಲು ನೀ ನೆಟ್ಟಗ ಹಿಡಿ" ಎಂದು ಈಕೆ. ನಾನು ರೊಟ್ಟಿ ತೆಗೆದುಕೊಂಡು ಹೋದಾಗ ಕಲಾಯಿಗೆ ಹಾಕುವ ನವಸಾಗರದ ಹೊಗೆಯಲ್ಲಿ ಇಬ್ಬರ ಮುಖವೂ ಕಾಣುತ್ತಿರಲಿಲ್ಲ, ಜಗಳ ಮಾತ್ರ ಕೇಳುತ್ತಿತ್ತು. ರೊಟ್ಟಿಯನ್ನು ಇಬ್ಬರೂ ಹಂಚಿಕೊಂಡು ತಿಂದರು.

ಗೋಪಿಯನ್ನು ಮನೆಗೆ ಕಳಿಸುವ ಹಿಂದಿನ ದಿನ ಬಾಯ್ಲರು ಸಿದ್ಧವಾಯಿತು. ತಣ್ಣೀರು ತುಂಬಿ ತೋರಿಸಿದ, ಒಂದು ಹನಿಯೂ ಜಿನುಗಲಿಲ್ಲ. ಕನಕಮ್ಮ ಸೆರಗಿನ ತುದಿಯ ಗಂಟಿಗೆ ಕೈ ಹಾಕಿದಳು. ಹೆರಿಗೆಯ ಖರ್ಚಿಗೆಂದು ವರ್ಷಗಳಿಂದ ಕೂಡಿಸಿಟ್ಟ ರೊಕ್ಕ ಅದು.

"ಈಗ ಅಲ್ಲ ಅಕ್ಕಾ," ಎಂದ ದಸ್ತಗೀರ. "ನಮ್ಮ ಅಂಗಡಿ ಕಾನೂನು ಗೊತ್ತದಲ್ಲ?"

ನನಗೆ ಗೊತ್ತಿತ್ತು, ಊರಿಗೆಲ್ಲ ಗೊತ್ತಿತ್ತು. ತಾನು ಬೆಸೆದ ಬಾಯ್ಲರಿನ ಬಿಸಿನೀರು ಅದರ ಒಡೆಯರ ಮೈಮೇಲೆ ಬೀಳುವ ತನಕ ಅವನು ರೊಕ್ಕ ಮುಟ್ಟುತ್ತಿರಲಿಲ್ಲ. ಅವನ ತಂದೆ ಹಾಕಿಕೊಟ್ಟ ನಿಯಮ. ತಣ್ಣೀರಿಗೆ ಎಂಥ ಬೆಸುಗೆಯೂ ನಿಲ್ಲುತ್ತದೆ, ಬಿಸಿನೀರಿಗೆ ನಿಂತರೆ ಅದು ಬೆಸುಗೆ. ಅದನ್ನೂ ಒಡೆಯರೇ ಜಳಕ ಮಾಡಿ ಬಂದು ಹೇಳಬೇಕು, ಆಳು ಕಾಳು ಹೇಳಿದರೆ ನಡೆಯುವುದಿಲ್ಲ.

ಗೋಪಿ ಮನೆಗೆ ಬಂದಳು. ಮಾರೆಮ್ಮ ಬಾಯ್ಲರಿನ ಸುತ್ತ ಒಂದು ಸುತ್ತು ಬಂದು, ನಳ ತಿರುವಿ, ಕೈ ಸುಟ್ಟುಕೊಂಡು, "ಚೊಲೋ ಕಾದದ" ಎಂದು ಸಮಾಧಾನದಿಂದ ಮಾನ್ವಿಯ ಬಸ್ಸು ಹತ್ತಿದಳು. ಆಮೇಲೆ ಸವಾ ತಿಂಗಳು, ಅಂದರೆ ನಲವತ್ತು ದಿನ, ಆ ತಗಡಿನ ಮನೆಯಲ್ಲಿ ನಡೆದ ವೈಭವವನ್ನು ಏನೆಂದು ಹೇಳಲಿ! ದಿನಾ ನಸುಕಿನಲ್ಲಿ ಹತ್ತಿಕಟಗಿಯ ಹೊಗೆ, ಲೋಬಾನದ ವಾಸನೆ, ಗೋಪಿಯ "ಯವ್ವಾ ಸತ್ತೆ" ಎಂಬ ಕೂಗು, ಕನಕಮ್ಮನ ಅದೇ ಹಳೆಯ ಉತ್ತರ. ಮಗಳ ಬೆನ್ನಿಗೆ ಆಕೆ ಎಷ್ಟು ನೀರು ಸುರಿಯುತ್ತಿದ್ದಳೆಂದರೆ ನಮ್ಮ ಓಣಿಯ ಗಟಾರಕ್ಕೂ ಬಾಣಂತನವಾಯಿತು.

ರೊಕ್ಕದ ಕಥೆ ಮಾತ್ರ ಮುಂದೆ ಹೋಗಲಿಲ್ಲ. ಮೊದಲ ವಾರವೇ ಕನಕಮ್ಮ ಗಂಟು ಹಿಡಿದುಕೊಂಡು ಅಂಗಡಿಗೆ ಹೋದಳು.

"ಜಳಕ ಆತೇನು?" ಎಂದ ದಸ್ತಗೀರ.

"ಮಗಳದು ಆತು. ಕೂಸಿನದೂ ಆತು."

"ಬಾಯ್ಲರ್ ಯಾರದು?"

"ನಂದು."

"ಹಾಂಗಾರ ನಿಂದು ಆದ ಮ್ಯಾಲ ಬಾ."

ವಾರ ಬಿಟ್ಟು ಮತ್ತೆ ಹೋದಳು, ಮತ್ತೆ ಅದೇ ಪ್ರಶ್ನೆ. ಕೊಟ್ಟವನು ಕೋಡಂಗಿ, ಇಸಗೊಂಡವನು ಈರಭದ್ರ ಎನ್ನುತ್ತಾರೆ. ಇಲ್ಲಿ ಕೊಡುವವಳು ಬೆನ್ನು ಹತ್ತಿದ್ದಾಳೆ, ಇಸಗೊಳ್ಳುವವನು ಒಲ್ಲೆ ಎನ್ನುತ್ತಾನೆ. ನನಗೆ ರೇಗಿಹೋಯಿತು.

"ಆತು ಅಂತ ಒಂದು ಮಾತು ಹೇಳಿದ್ರ ಗಂಟೇನು ಹೋಗ್ತದ ದೊಡ್ಡವ್ವ?"

"ಎರಿಯಾಕಿ ನೀರಿನ ಸುದ್ದ್ಯಾಗ ಸುಳ್ಳಾಡಿದ್ರ ಕೂಸಿಗೆ ತಟ್ಟತದ."

"ಸರಿ, ಹಾಂಗಾರ ಎರಡು ತಂಬಗಿ ಹಾಕ್ಕೊಂಡು ಬಿಡು!"

"ಬಾಣಂತಿ ನೀರಾಗ ಪಾಲು ತಗೋಳಾಕ ಬರ್ತದೇನಬೇ? ಇದು ಗೋಪಿದು."

ಗೋಡೆಗೆ ತಲೆ ಚಚ್ಚಿಕೊಂಡ ಹಾಗೆ. ಇಂಥ ಹೆಂಗಸನ್ನು ಪ್ರೀತಿಸುವುದೂ ಒಂದು ಶಿಕ್ಷೆ. ಒಳಗೆ ಮಲಗಿದ್ದ ಗೋಪಿಗೆ ಈ ಯಾವುದೂ ಗೊತ್ತಾಗದಂತೆ ಆಕೆ ನೋಡಿಕೊಂಡಿದ್ದಳು, ನನ್ನ ಬಾಯಿಗೂ ಆಣೆ ಹಾಕಿದ್ದಳು.

ಸವಾ ತಿಂಗಳು ಮುಗಿದು ಮಾರೆಮ್ಮ ಸೊಸೆಯನ್ನು ಕರೆದೊಯ್ಯಲು ಬಂದ ದಿನ, ಗೋಪಿಯ ಕೊನೆಯ ಜಳಕ ಮುಗಿದು ಬಾಯ್ಲರಿನಲ್ಲಿ ಇನ್ನೂ ಬಿಸಿನೀರು ಉಳಿದಿತ್ತು. ಎರೆದವಳಿಗೆ ಉಡಿಸಲೆಂದು ಮಾರೆಮ್ಮ ಇಳಕಲ್ ಸೀರೆಯೊಂದನ್ನು ತಂದಿದ್ದಳು. ಅಷ್ಟರಲ್ಲಿ ಹೊರಗೆ ಯಾರೋ ಕೆಮ್ಮಿದರು. ನೋಡಿದರೆ ಗುಲಾಮ್ ದಸ್ತಗೀರ, ಬೆಸುಗೆಯ ಸಾಮಾನಿನ ಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದ. ಮುಖದಲ್ಲಿ ಎಂದಿನ ಸಿಟ್ಟು ಇರಲಿಲ್ಲ.

"ಅಕ್ಕಾ, ಖರೆ ಹೇಳು. ಬಾಯ್ಲರ್ ಸೋರಾಕತ್ತದ ಹೌದಿಲ್ಲೋ? ನಂಗ ಕೆಟ್ಟ ಅನಿಸಬಾರದಂತ ಮುಚ್ಚಿ ಇಟ್ಟೀ. ಅದಕ್ಕ ಜಳಕ ಆಗಿಲ್ಲ ಅಂತ ನೆಪಾ ಹೇಳ್ತೀ."

"ಇಲ್ಲಣ್ಣ! ಒಂದು ಹನಿ ಸೋರಿಲ್ಲ."

ಅವನು ನಂಬಲಿಲ್ಲ. ಬಚ್ಚಲಿಗೆ ಹೋಗಿ ಕುಕ್ಕರಗಾಲಲ್ಲಿ ಕುಳಿತು ಬುಡವನ್ನೆಲ್ಲ ಬೆರಳಿನಿಂದ ಸವರಿದ. ಎಲ್ಲ ಒಣಗಿತ್ತು. ಎದ್ದು ನಿಂತು ಈಗ ನಿಜವಾಗಿ ಸಿಟ್ಟಾದ. "ಮತ್ತ ಯಾಕ ಜಳಕ ಮಾಡವಲ್ಲಿ? ನನ್ನ ಕೈಕೆಲಸದ ಮ್ಯಾಲ ಭರೋಸಾ ಇಲ್ಲೇನು? ತಿಂಗಳಾತು, ನನ್ನ ಬೆಸುಗಿ ಹರಾಮ್ ಆಗಿ ಕುಂತದ!" ಎಂದು ಕೂಗಿ, ಚೀಲ ಎತ್ತಿಕೊಂಡು ಹೋಗಿಯೇಬಿಟ್ಟ.

ಗೋಪಿ ಬಾಗಿಲಿಗೆ ಬಂದು ನಿಂತಿದ್ದಳು. ಕೂಸು ಮಾರೆಮ್ಮನ ತೊಡೆಯ ಮೇಲಿತ್ತು.

"ಯವ್ವಾ, ಈ ಬಾಯ್ಲರಿಂದು ನೀ ಒಮ್ಮೆನೂ ಮೈಮ್ಯಾಲ ಹಾಕ್ಕೊಂಡಿಲ್ಲೇನು?"

ಕನಕಮ್ಮ ನನ್ನ ಕಡೆ ನೋಡಿದಳು. ಆಕೆ ಆಣೆ ಹಾಕಿದ್ದು ನನ್ನ ಬಾಯಿಗೆ ಮಾತ್ರ, ತಲೆಗಲ್ಲ. ಇಲ್ಲವೆಂದು ಜೋರಾಗಿ ತಲೆ ಅಡ್ಡಡ್ಡ ಅಲ್ಲಾಡಿಸಿದೆ.

ಗೋಪಿ ತಾಯಿಯ ರಟ್ಟೆ ಹಿಡಿದು ಬಚ್ಚಲಿಗೆ ಎಳೆದಳು. ಬಾಣಂತಿಯರು ಕೂರುವ ಮಣೆಯನ್ನು ಕಾಲಿನಿಂದಲೇ ಸರಿಸಿ, "ಕುಂದ್ರು" ಎಂದಳು.

"ಹುಚ್ಚಿ, ಬಾಣಂತಿ ಕೊಡ ಎತ್ತಬಾರದು."

"ಯಾರು ಎತ್ತತಾರ? ನಳ ತಿರುವಿದ್ರ ಬರ್ತದ. ಬಾಯ್ಲರ್ ತಂದದ್ದು ಯಾಕ?"

"ಗೋಪಿ, ಸುಮ್ಕಿರು. ಬೀಗತಿ ನೋಡಾಕತ್ತಾರ."

ಬೀಗತಿ ಬರೇ ನೋಡುತ್ತಿರಲಿಲ್ಲ. ಕೂಸನ್ನು ನನ್ನ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿ, ಔಡಲೆಣ್ಣೆಯ ಬಟ್ಟಲು ಹಿಡಿದು ಬಂದೇಬಿಟ್ಟಳು. "ನನಗ ನೆನಪದ ಬೀಗತಿ, ನೀ ಮಾನ್ವ್ಯಾಗ ಹುಟ್ಟಿದಾಕಿ. ನಮ್ಮೂರ ಮಗಳು ನೀನು. ಕುಂದ್ರು ಸುಮ್ಕ," ಎಂದು ಹೆಗಲು ಒತ್ತಿ ಮಣೆಯ ಮೇಲೆ ಕೂಡಿಸಿದಳು.

ಮೊದಲ ತಂಬಿಗೆಗೆ ಕನಕಮ್ಮ ಎಲ್ಲರಂತೆ ಕಿರುಚಲಿಲ್ಲ. ಕಸುಬಿನವಳಲ್ಲವೇ, ತಪ್ಪು ಹಿಡಿದಳು. "ಹ್ವಾ, ಹಾಂಗಲ್ಲ, ತಂಬಗಿ ಮ್ಯಾಲ ಹಿಡಿ. ಹೆಗಲಿಂದ ಬರ್ಲಿ. ಒಂದ ಕಡಿ ಸುರೀಬ್ಯಾಡ." ಎರಡನೆಯದಕ್ಕೆ "ಬಿಸಿ ಸಾಲದು" ಎಂದಳು. ಗೋಪಿ ತಣ್ಣೀರು ಬೆರೆಸದೆ ನಳದ ನೀರನ್ನೇ ಹಿಡಿದು ಬೆನ್ನಿನ ಮೇಲೆ ನಿಧಾನವಾಗಿ ಇಳಿಸಿದಳು, ಹೆಗಲಿನಿಂದ ಸೊಂಟಕ್ಕೆ, ಸೊಂಟದ ಆ ನೋವಿನ ಜಾಗಕ್ಕೆ. ಕನಕಮ್ಮ ತಲೆ ಬಗ್ಗಿಸಿ, ಎರಡೂ ಕೈಯಿಂದ ಮೊಣಕಾಲು ಅಪ್ಪಿಕೊಂಡು ಕುಳಿತಳು. ಮಾರೆಮ್ಮ ಬೆನ್ನು ತಿಕ್ಕಿದಳು. ಗೋಪಿ ಎರೆಯುತ್ತಲೇ ಇದ್ದಳು. ಬಾಯ್ಲರಿನ ಹೊಟ್ಟೆ ಬರಿದಾಗುವ ಹೊತ್ತಿಗೆ ಕನಕಮ್ಮ ಸಣ್ಣ ದನಿಯಲ್ಲಿ, ಅಲ್ಲಿದ್ದ ನಮ್ಮ ಯಾರಿಗೂ ಅಲ್ಲದ ಹಾಗೆ, "ಯವ್ವಾ" ಎಂದಳು.

ನಾನು ಕೂಸನ್ನು ಎತ್ತಿಕೊಂಡು ಹೊರಗೆ ಬಂದೆ. ಅಳುವವರ ಮುಂದೆ ನಿಲ್ಲಲು ನನಗೆ ಬರುವುದಿಲ್ಲ, ನಾನೂ ಶುರು ಮಾಡುತ್ತೇನೆ.

ಮಗಳನ್ನು ಬಸ್ಸಿಗೆ ಹತ್ತಿಸಿ ಸೀದಾ ತೀನ್ ಕಂದೀಲಿಗೆ ಹೋದೆವು. ಕನಕಮ್ಮ ಇಳಕಲ್ ಸೀರೆ ಉಟ್ಟಿದ್ದಳು. ದಾರಿಯಲ್ಲಿ ಆಕೆ ಸೊಂಟದ ಮೇಲೆ ಕೈ ಇಟ್ಟದ್ದನ್ನು ನಾನು ಕಾಣಲಿಲ್ಲ, ಒಂದು ದಿನದ ಮಟ್ಟಿಗಾದರೂ. ಅಂಗಡಿಯ ಮುಂದೆ ನಿಂತು ಸೆರಗಿನ ಗಂಟು ಬಿಚ್ಚಿ ರೊಕ್ಕವನ್ನು ಮುಂದಿನ ಹಲಗೆಯ ಮೇಲಿಟ್ಟಳು. ದಸ್ತಗೀರ ಕಲಾಯಿ ಹಾಕುತ್ತಿದ್ದ ಪಾತ್ರೆಯಿಂದ ತಲೆ ಎತ್ತಲಿಲ್ಲ.

"ಜಳಕ ಆತೇನು?"

ಕನಕಮ್ಮ ಸೆರಗು ಸರಿಸಿ ಅವನ ಮುಂದೆ ತಲೆ ಬಗ್ಗಿಸಿದಳು. ಕೂದಲು ಇನ್ನೂ ಆರಿರಲಿಲ್ಲ, ಲೋಬಾನದ ವಾಸನೆ ಬರುತ್ತಿತ್ತು. ದಸ್ತಗೀರ ನೋಡಿದ. ರೊಕ್ಕವನ್ನು ಎಣಿಸದೆ ಜೇಬಿಗೆ ಹಾಕಿಕೊಂಡ. ಮತ್ತೆ ಪಾತ್ರೆಗೆ ಕೈ ಹಾಕಿದವನು ಏನೋ ಹೊಳೆದಂತೆ ಕೇಳಿದ.

"ಎರಿಯಾಕಿ ನೀನ. ನಿನಗ ಯಾರ್ ಎರೆದ್ರು ಅಕ್ಕಾ?"

"ನನ್ನ ಮಗಳು," ಎಂದಳು ಕನಕಮ್ಮ. ಅಷ್ಟು ದೊಡ್ಡ ದನಿಯಲ್ಲಿ ಆಕೆ ಮಾತಾಡಿದ್ದನ್ನು ಆ ಬಜಾರ ಅದಕ್ಕೆ ಮೊದಲು ಕೇಳಿರಲಿಲ್ಲ.